ಸ್ಪ್ಯಾನರ್ ಮೇಲಿನ ಕಾಲು ತೆಗೆಯಿರಿ

ಮೂಡಿಗೆರೆ, ಕಳಸ, ಆಲ್ದೂರು, ಬಾಳೆಹೊನ್ನೂರು, ಎಲ್ಲಿಯ ಪಂಕ್ಚರ್ ಅಂಗಡಿಯ ಮುಂದೆ ಬೇಕಾದರೂ ನಿಂತು ನೋಡಿ. ಹಳೇ ಜೀಪಿಗೆ ಚಕ್ರ ಹಾಕುವ ಕೆಲಸ ಒಂದೇ ರೀತಿಯಲ್ಲಿ ಮುಗಿಯುತ್ತದೆ. ಜಾಕ್ ಇಳಿಸುತ್ತಾರೆ. ವೀಲ್ ಸ್ಪ್ಯಾನರನ್ನು ನಟ್ಟಿಗೆ ಅಡ್ಡ ಕೂರಿಸಿ ಅದರ ಮೇಲೆ ಹತ್ತಿ ನಿಲ್ಲುತ್ತಾರೆ, ಎರಡು ಸಲ ಜಗ್ಗುತ್ತಾರೆ. ಅದೂ ಸಾಲದೆನಿಸಿದರೆ ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಒತ್ತುತ್ತಾರೆ. ಕೊನೆಗೆ ಮಾಲೀಕರಿಗೆ ಒಂದು ಭರವಸೆ: “ಜಪ್ಪಯ್ಯ ಅಂದ್ರೂ ಬಿಚ್ಚಲ್ಲ ಸಾರ್.” ಮಾಲೀಕರಿಗೂ ಸಮಾಧಾನ. ಅಲ್ಲಿಂದಾಚೆಗೆ ಆ ನಟ್ಟುಗಳನ್ನು ಮುಂದಿನ ಪಂಕ್ಚರ್ ಆಗುವ ತನಕ ಯಾರೂ ಮುಟ್ಟುವುದಿಲ್ಲ. ಅದು ಆರು ತಿಂಗಳಿಗೆ ಆಗಬಹುದು, ಎರಡು ವರ್ಷಕ್ಕೂ ಆಗಬಹುದು.

ಎಷ್ಟು ಬಿಗಿದರೆ ಅಷ್ಟು ಭದ್ರ, ಒಮ್ಮೆ ಬಿಗಿದರೆ ಮುಗಿಯಿತು. ಕಾಫಿ ಸೀಮೆಯಲ್ಲಿ ಹಳೇ ಗಾಡಿ ಇಟ್ಟುಕೊಂಡವರೆಲ್ಲ ಒಪ್ಪಿಕೊಂಡಿರುವ ಈ ಎರಡು ಮಾತುಗಳೂ ತಪ್ಪು. ಮೊದಲನೆಯದು ಚಕ್ರವನ್ನು ಸಡಿಲಗೊಳಿಸುತ್ತದೆ, ಎರಡನೆಯದು ಸಡಿಲಗೊಂಡದ್ದು ಯಾರ ಗಮನಕ್ಕೂ ಬಾರದಂತೆ ನೋಡಿಕೊಳ್ಳುತ್ತದೆ. ಎರಡೂ ಸೇರಿದರೆ ಏನಾಗುತ್ತದೆಂದು ಘಾಟಿ ರಸ್ತೆಯ ಇಳಿಜಾರಿನಲ್ಲಿ ನಿಂತು ಯೋಚಿಸಬೇಕು.

ಗಾಡಿಗೆ ಚಕ್ರ ಅಂಟಿಕೊಂಡಿರುವುದು ಹೇಗೆ? ನಟ್ಟು ಚಕ್ರವನ್ನು ಹೊತ್ತುಕೊಂಡಿದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ನಟ್ಟನ್ನು ತಿರುಗಿಸಿದಾಗ ಅದು ಕೂರುವ ಬೋಲ್ಟು, ಅಂದರೆ ಸ್ಟಡ್ಡು, ತುಸುವೇ ತುಸು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತದೆ. ಆ ಎಳೆತ ರಿಮ್ಮನ್ನು ಬ್ರೇಕ್ ಡ್ರಮ್ಮಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಹೀಗೆ ಒತ್ತಿಕೊಂಡ ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯೇ ಲೋಡು, ಬ್ರೇಕು, ತಿರುವಿನ ಸೆಳೆತ ಎಲ್ಲವನ್ನೂ ತಾಳಿಕೊಳ್ಳುವುದು. 12 ಮಿಲಿಮೀಟರ್ ದಪ್ಪದ ಸ್ಟಡ್ಡಿನ ಮೇಲೆ ನಟ್ಟನ್ನು 80 ನ್ಯೂಟನ್ ಮೀಟರಿಗೆ ಬಿಗಿದರೆ ಸುಮಾರು 3.4 ಟನ್ ಎಳೆತ ಹುಟ್ಟುತ್ತದೆ. ಮಾರುತಿ 800ರಂಥ ನಾಲ್ಕು ನಟ್ಟಿನ ಪುಟ್ಟ ಕಾರಿನಲ್ಲೂ ಒಂದೊಂದು ಚಕ್ರ 13 ಟನ್ನಿಗೂ ಮೀರಿದ ಒತ್ತಡದಲ್ಲಿ ಕೂತಿರುತ್ತದೆ.

ಇಷ್ಟು ದೊಡ್ಡ ಎಳೆತಕ್ಕೆ ಸ್ಟಡ್ಡು ಹಿಗ್ಗುವುದಾದರೂ ಎಷ್ಟು? ಮಿಲಿಮೀಟರಿನ ನೂರು ಭಾಗದಲ್ಲಿ ನಾಲ್ಕೋ ಐದೋ ಭಾಗ. ತಲೆಗೂದಲಿನ ದಪ್ಪಕ್ಕೂ ಕಡಿಮೆ. ಕಾರಿನ, ಜೀಪಿನ, ಅದರಲ್ಲಿ ಕೂತ ಜನರ ಭದ್ರತೆ ಈ ಕೂದಲೆಳೆಯಷ್ಟು ಹಿಗ್ಗಿನಲ್ಲಿದೆ. ರಿಮ್ಮು ಮತ್ತು ಡ್ರಮ್ಮಿನ ನಡುವೆ ಇರುವ ಯಾವುದೇ ವಸ್ತು ಅಷ್ಟೇ ಕುಗ್ಗಿದರೂ ಸಾಕು, ಟನ್ನುಗಟ್ಟಲೆ ಎಳೆತ ಇಲ್ಲವಾಗುತ್ತದೆ. ನಟ್ಟು ಒಂದು ಸುತ್ತೂ ತಿರುಗಿರುವುದಿಲ್ಲ, ಕಣ್ಣಿಗೆ ಇದ್ದಲ್ಲೇ ಇರುತ್ತದೆ, ಆದರೆ ಒಳಗೆ ಹಿಡಿತ ಸತ್ತುಹೋಗಿರುತ್ತದೆ.

ಆ ನಡುವೆ ನಮ್ಮ ಸೀಮೆಯಲ್ಲಿ ಏನೇನು ಸೇರಿಕೊಳ್ಳುತ್ತದೆ ನೋಡಿ. ಮಳೆಗಾಲದ ತುಕ್ಕಿನ ಹಪ್ಪಳೆ ಇರುತ್ತದೆ. ತೋಟದ ರಸ್ತೆಯ ಕೆಮ್ಮಣ್ಣು ಒಣಗಿ ಕೂತಿರುತ್ತದೆ. ಇವೆರಡಕ್ಕಿಂತ ಹೆಚ್ಚಾಗಿ ಪೇಂಟು. ಆಯುಧ ಪೂಜೆಗೆ ವಾರವಿರುವಾಗ ಹಳೇ ಜೀಪುಗಳ ಚಕ್ರ ಬಿಚ್ಚಿ ರಿಮ್ಮಿಗೆ ಬೆಳ್ಳಿ ಬಣ್ಣವನ್ನೋ ಬಿಳಿಯನ್ನೋ ಎರಡು ಕೋಟು ಹೊಡೆಯುವ ಪದ್ಧತಿ ಇದೆ. ಹೊರಮುಖಕ್ಕೆ ಹೊಡೆದರೆ ತೊಂದರೆಯಿಲ್ಲ. ಆದರೆ ಬ್ರಷ್ಷು ಒಳಮುಖಕ್ಕೂ ಹೋಗುತ್ತದೆ, ನಟ್ಟು ಕೂರುವ ಗುಂಡಿಗೂ ಇಳಿಯುತ್ತದೆ. ಬ್ರಷ್ಷಿನಲ್ಲಿ ಹೊಡೆದ ಎರಡು ಕೋಟು ಪೇಂಟು ಸ್ಟಡ್ಡಿನ ಹಿಗ್ಗಿಗಿಂತ ದಪ್ಪ. ಅದರ ಮೇಲೆ ಚಕ್ರ ಕೂರಿಸಿ, ನಟ್ಟು ತುಳಿದು, ಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಗಾಡಿಯನ್ನು ರಸ್ತೆಗಿಳಿಸುತ್ತಾರೆ. ಒತ್ತಡಕ್ಕೂ ಬ್ರೇಕಿನ ಕಾವಿಗೂ ಆ ಪೇಂಟು ಮೆತ್ತಗಾಗಿ ಪಕ್ಕಕ್ಕೆ ಸರಿಯುತ್ತದೆ. ಪೂಜೆಯಾದ ಮೊದಲ ವಾರದಲ್ಲೇ, ಇಡೀ ವರ್ಷದಲ್ಲಿ ಗಾಡಿ ಅತ್ಯಂತ ಚೆಂದ ಕಾಣುವ ದಿನಗಳಲ್ಲೇ, ಅದರ ಚಕ್ರಗಳ ಹಿಡಿತ ಅತ್ಯಂತ ದುರ್ಬಲವಾಗಿರುತ್ತದೆ. ಪೂಜೆಯ ಮೇಲೆ ನನಗೆ ಗೌರವವಿದೆ. ಉಪಕರಣಕ್ಕೆ ಕೈಮುಗಿಯುವ ಹಬ್ಬದ ದಿನ ವೀಲ್ ಸ್ಪ್ಯಾನರಿಗೂ ಕುಂಕುಮ ಇಡುತ್ತಾರೆ. ಮಾರನೆಯ ದಿನ ಅದನ್ನು ಕೈಗೆತ್ತಿಕೊಂಡು ನಟ್ಟು ನೋಡುವವರಿಲ್ಲ ಎಂಬುದೇ ನನ್ನ ಸಂಕಟ.

ಇನ್ನು ತುಳಿಯುವ ವಿಷಯ. ಸಾಮಾನ್ಯ ಕಾರುಗಳ ನಟ್ಟಿಗೆ ತಯಾರಕರು ಹೇಳುವ ಬಿಗಿ ಹೆಚ್ಚುಕಡಿಮೆ 80ರಿಂದ 110 ನ್ಯೂಟನ್ ಮೀಟರಿನ ಆಸುಪಾಸು. 70 ಕೆ.ಜಿ. ತೂಕದ ಮನುಷ್ಯ 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮ್ಮನೆ ನಿಂತರೇ ಅದು 200 ದಾಟುತ್ತದೆ. ಜಗ್ಗಿದರೆ ಇನ್ನೂ ಮೇಲೆ. ಥ್ರೆಡ್ಡು ಚೊಕ್ಕಟವಾಗಿದ್ದರೆ ಆಗ ಸ್ಟಡ್ಡಿನ ಮೇಲೆ ಬೀಳುವ ಎಳೆತ ಎಂಟು ಟನ್ನಿಗೂ ಹೆಚ್ಚು. 12 ಮಿಲಿಮೀಟರಿನ ಸ್ಟಡ್ಡು, ಉಕ್ಕಿನ ದರ್ಜೆಗೆ ತಕ್ಕಂತೆ, ಆರರಿಂದ ಒಂಬತ್ತು ಟನ್ನಿನೊಳಗೆ ತನ್ನ ಮಿತಿ ಮುಟ್ಟುತ್ತದೆ. ಮಿತಿ ದಾಟಿ ಹಿಗ್ಗಿದ ಉಕ್ಕು ಮತ್ತೆ ಕುಗ್ಗುವುದಿಲ್ಲ. ಮುಂದಿನ ಸಲ ಅದೇ ಸ್ಟಡ್ಡಿನಿಂದ ಅದೇ ಹಿಡಿತ ಬರುವುದಿಲ್ಲ. ಎಲ್ಲೋ ಒಂದು ಕಡೆ ಸಣ್ಣ ಬಿರುಕು ಬಿಟ್ಟು, ಒಂದು ದಿನ ಕಟ್ ಆಗುತ್ತದೆ. ನಾಲ್ಕರಲ್ಲಿ ಒಂದು ಕಟ್ಟಾದರೆ ಅದರ ಪಾಲಿನ ಹೊರೆ ಉಳಿದ ಮೂರರ ಮೇಲೆ ಬೀಳುತ್ತದೆ. ಆ ಮೂರೂ ಅದೇ ಕಾಲಿನಿಂದ ತುಳಿಸಿಕೊಂಡವೇ.

ರಿಮ್ಮಿನ ಕಥೆ ಇನ್ನೂ ಕೆಟ್ಟದ್ದು. ಉಕ್ಕಿನ ತಗಡನ್ನು ಒತ್ತಿ ಮಾಡಿದ ರಿಮ್ಮುಗಳಲ್ಲಿ ನಟ್ಟಿನ ತೂತಿನ ಸುತ್ತ ಲೋಹ ಸ್ವಲ್ಪ ಉಬ್ಬಿರುತ್ತದೆ. ಅದು ಚೆಂದಕ್ಕೆ ಇಟ್ಟದ್ದಲ್ಲ. ನಟ್ಟು ಬಿಗಿದಾಗ ಆ ಉಬ್ಬು ತುಸು ಬಾಗಿ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಒತ್ತುತ್ತಿರುತ್ತದೆ, ಸಣ್ಣಪುಟ್ಟ ಸಡಿಲವನ್ನು ತಾನೇ ತುಂಬಿಕೊಳ್ಳುತ್ತದೆ. ವರ್ಷಾನುಗಟ್ಟಲೆ ತುಳಿದು ಬಿಗಿದ ಹಳೇ ರಿಮ್ಮಿನಲ್ಲಿ ಆ ಉಬ್ಬು ಚಪ್ಪಟೆಯಾಗಿರುತ್ತದೆ, ಕೋನಾಕಾರದ ಗುಂಡಿ ಅಗಲವಾಗಿರುತ್ತದೆ, ತೂತು ದುಂಡಗೆ ಉಳಿದಿರುವುದಿಲ್ಲ. ಅಂಥ ರಿಮ್ಮು ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ನಿಲ್ಲುವುದಿಲ್ಲ ಎಂದು ಇನ್ನಷ್ಟು ತುಳಿಯುತ್ತಾರೆ. ತುಳಿತದಿಂದ ಬಂದ ರೋಗಕ್ಕೆ ತುಳಿತವೇ ಔಷಧ ಎಂದು ನಂಬಿ ನಡೆಯುವ ಈ ಪದ್ಧತಿಯನ್ನು ಅನುಭವ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಇದೇ ಕಾಲು ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ನಟ್ಟು ತಿರುಗಿಸಲು ನಾವು ಹಾಕುವ ಬಲದಲ್ಲಿ ಅರ್ಧದಷ್ಟು ನಟ್ಟಿನ ಮುಖದ ಉಜ್ಜಾಟಕ್ಕೆ, ನೂರಕ್ಕೆ ನಲವತ್ತು ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ ಖರ್ಚಾಗುತ್ತದೆ. ಸ್ಟಡ್ಡನ್ನು ಹಿಗ್ಗಿಸಲು ಉಳಿಯುವುದು ನೂರಕ್ಕೆ ಹತ್ತು ಮಾತ್ರ. ತುಕ್ಕು ಈ ಹತ್ತರಲ್ಲೂ ಪಾಲು ಕೇಳುತ್ತದೆ. ಕಾಲಿಗೆ ಕಲ್ಲಿನಷ್ಟು ಬಿಗಿ ಎನಿಸುತ್ತದೆ, ಚಕ್ರಕ್ಕೆ ಹಿಡಿತವೇ ಸಿಕ್ಕಿರುವುದಿಲ್ಲ. ಹಾಗಾಗಿ ಒಂದೇ ತುಳಿತ ಒಂದು ನಟ್ಟಿನಲ್ಲಿ ಸ್ಟಡ್ಡನ್ನು ಸಾಯಿಸುತ್ತದೆ, ಪಕ್ಕದ ನಟ್ಟಿನಲ್ಲಿ ಏನನ್ನೂ ಹಿಡಿದಿರುವುದಿಲ್ಲ. ತುಳಿದವನ ಕಾಲಿಗೆ ಎರಡೂ ಒಂದೇ.

ಗ್ರೀಸು ಹಚ್ಚಿದರೆ ತುಕ್ಕು ಹಿಡಿಯದಲ್ಲ ಎನ್ನುತ್ತಾರೆ. ಕೈಪಿಡಿಯಲ್ಲಿ ಕೊಟ್ಟಿರುವ ಬಿಗಿ ಸಾಮಾನ್ಯವಾಗಿ ಒಣ ಥ್ರೆಡ್ಡಿನ ಲೆಕ್ಕ. ಎಣ್ಣೆ ಸೋಕಿದರೆ ಅದೇ ಬಲಕ್ಕೆ ಎಳೆತ ಮೂರರಲ್ಲೊಂದು ಪಾಲು ಹೆಚ್ಚಾಗಬಹುದು. ಗ್ರೀಸು ಹಚ್ಚಿ ಮೇಲೆ ತುಳಿದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ವೈರ್ ಬ್ರಷ್ಷಿನಲ್ಲಿ ಉಜ್ಜಿ ಒರೆಸಿ, ಕೈಯಲ್ಲೇ ಕೊನೆಯ ತನಕ ನಟ್ಟು ಓಡುತ್ತದೆಯೇ ನೋಡಿ. ಓಡದಿದ್ದರೆ ಆ ಸ್ಟಡ್ಡೋ ನಟ್ಟೋ ಬದಲಾಗಬೇಕು.

“ಕುಲುಕಾಟಕ್ಕೆ ಬಿಚ್ಚಿಕೊಳ್ಳುತ್ತೆ, ಅದಕ್ಕೇ ತುಳೀತೀವಿ” ಎನ್ನುವವರಿಗೆ ಒಂದು ಹಳೇ ಸಂಗತಿ. 1969ರಲ್ಲಿ ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ ನಟ್ಟು ತಾನಾಗಿ ಬಿಚ್ಚಿಕೊಳ್ಳುವುದು ಹೇಗೆಂದು ಪ್ರಯೋಗ ಮಾಡಿ ತೋರಿಸಿದ. ಉದ್ದುದ್ದಕ್ಕೆ ಎಳೆದಾಡುವ ಕುಲುಕಾಟಕ್ಕಿಂತ, ಬಿಗಿದ ಎರಡು ಮುಖಗಳು ಅಡ್ಡಕ್ಕೆ ಒಂದರ ಮೇಲೊಂದು ಜಾರುವುದು ನಟ್ಟನ್ನು ಬೇಗ ಬಿಚ್ಚುತ್ತದೆ ಎಂಬುದು ಅವನು ಕಂಡುಕೊಂಡದ್ದು. ಜಾರದಷ್ಟು ಹಿಡಿತ ಇದ್ದರೆ ನಟ್ಟು ನಿಲ್ಲುತ್ತದೆ. ಹಿಡಿತ ಒಮ್ಮೆ ತಗ್ಗಿ ಜಾರಲು ಶುರುವಾದರೆ ಒಂದೊಂದು ಜಾರಿಗೂ ನಟ್ಟು ತುಸು ತುಸು ಹಿಂದಕ್ಕೆ ತಿರುಗುತ್ತದೆ. ಈಗ ಚಾರ್ಮಾಡಿ ಘಾಟಿಯ ತಿರುವುಗಳನ್ನು ನೆನೆಯಿರಿ. ಕೊಟ್ಟಿಗೆಹಾರದಿಂದ ಕೆಳಗಿಳಿಯುವ ಲೋಡು ಗಾಡಿಯ ಚಕ್ರಗಳನ್ನು ಪ್ರತಿ ತಿರುವೂ ಅಡ್ಡಕ್ಕೆ ತಳ್ಳುತ್ತದೆ, ಪ್ರತಿ ಬ್ರೇಕೂ ರಿಮ್ಮನ್ನು ಡ್ರಮ್ಮಿನ ಮೇಲೆ ತಿರುಗಿಸಲು ನೋಡುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ತಿಂಗಳು ತಡೆಯುವ ಸಡಿಲ ಇಲ್ಲಿ ಒಂದು ಇಳಿಜಾರು ತಡೆಯದಿರಬಹುದು. ಹೊರನಾಡಿನ ಕಡೆಯಿಂದ ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ತುಂಬಿಕೊಂಡು ಹತ್ತುವ ಜೀಪುಗಳ ದಾರಿಯಂತೂ ಯುಂಕರನ ಪ್ರಯೋಗಕ್ಕಿಂತ ಕಠಿಣ.

ಹಳೇ ಜೀಪುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ವಿಲ್ಲಿಸ್ ಕಾಲದ ಜೀಪುಗಳಲ್ಲಿ ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್ಡು. ಮುಂದಕ್ಕೆ ಉರುಳುವ ಚಕ್ರ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಳ್ಳದಿರಲಿ ಎಂದು ಹಾಗೆ ಮಾಡಿದ್ದರು. ಅದು ಸುಮ್ಮನೆ ಹುಟ್ಟಿದ ಹೆದರಿಕೆಯಾಗಿರಲಿಲ್ಲ. ನಮ್ಮ ಹಾಗೆಯೇ ಎಡಬದಿಯಲ್ಲಿ ಗಾಡಿ ಓಡಿಸುವ ಬ್ರಿಟನ್ನಿನಲ್ಲಿ ಲಾರಿಗಳ ಚಕ್ರ ಕಳಚುವ ಪ್ರಕರಣಗಳನ್ನು ಪರಿಶೀಲಿಸಿದವರಿಗೆ ಎಡಬದಿಯ ಹಿಂದಿನ ಚಕ್ರಗಳೇ ಹೆಚ್ಚಾಗಿ ಕಳಚುವುದು ಕಂಡುಬಂತು. ಅಂಥ ಹಳೇ ಜೀಪನ್ನು ಹೊಸ ಹುಡುಗನ ಮುಂದೆ ನಿಲ್ಲಿಸಿ ಎಡಚಕ್ರ ಬಿಚ್ಚು ಎಂದರೆ ಅವನು ರೂಢಿಯ ದಿಕ್ಕಿಗೆ ತುಳಿಯುತ್ತಾನೆ. ಬಿಚ್ಚುವುದಿಲ್ಲ. ಪೈಪು ಹಾಕಿ ತುಳಿಯುತ್ತಾನೆ. ಅವನು ತುಳಿದಷ್ಟೂ ನಟ್ಟು ಬಿಗಿಯುತ್ತದೆ, ಕೊನೆಗೆ ಸ್ಟಡ್ಡು ಮುರಿಯುತ್ತದೆ. ಸ್ಟಡ್ಡಿನ ತುದಿಯಲ್ಲಿ ಗುರುತು ಇದ್ದರೂ ಮಣ್ಣು, ಪೇಂಟಿನ ಕೆಳಗೆ ಯಾರಿಗೂ ಕಾಣುವುದಿಲ್ಲ. ಹುಡುಗನನ್ನು ಬೈದು ಫಲವಿಲ್ಲ. ತನ್ನ ಜೀಪಿನ ಥ್ರೆಡ್ಡು ಯಾವ ಕಡೆಗೆ ಎಂದು ಹೇಳಬೇಕಾದ್ದು ಮಾಲೀಕನ ಕೆಲಸ.

ಇನ್ನು ತುಳಿಯುವವರ ದೊಡ್ಡ ವಾದಕ್ಕೆ ಬರುತ್ತೇನೆ. “ನಲವತ್ತು ವರ್ಷದಿಂದ ಹೀಗೇ ಬಿಗೀತಾ ಬಂದಿದ್ದೇವೆ ಮಾರಾಯ್ರೆ, ಎಂತದ್ದೂ ಆಗಿಲ್ಲ.” ಈ ಮಾತನ್ನು ಹೇಳುವವರು ಸುಳ್ಳರಲ್ಲ. ಅವರಿಗೆ ಏನೂ ಆಗಿಲ್ಲದಿರಬಹುದು. ಏಕೆ ಆಗಲಿಲ್ಲ ಎಂದು ಕೇಳಿಕೊಂಡಿಲ್ಲ ಅಷ್ಟೆ. ಆಗಿನ ಜೀಪು ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಇಪ್ಪತ್ತು, ಇಪ್ಪತ್ತೈದರ ವೇಗದಲ್ಲಿ ಓಡುತ್ತಿತ್ತು. ಐದು ನಟ್ಟಿನ ಚಕ್ರ. ಒಂದು ಸಡಿಲವಾದರೂ ಉಳಿದವು ಸ್ವಲ್ಪ ದಿನ ಹಿಡಿದುಕೊಳ್ಳುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಆ ಜೀಪಿಗೊಬ್ಬ ಡ್ರೈವರ್ ಇದ್ದ. ಬೆಳಿಗ್ಗೆ ರೇಡಿಯೇಟರಿಗೆ ನೀರು ಹಾಕಿ, ಆಯಿಲ್ ನೋಡಿ, ಸ್ಪ್ಯಾನರು ಹಿಡಿದು ಗಾಡಿಗೆ ಒಂದು ಸುತ್ತು ಬರುತ್ತಿದ್ದ. ನಟ್ಟಿನ ಮೇಲೆ ಸ್ಪ್ಯಾನರಿಟ್ಟು ಒಮ್ಮೆ ಎಳೆದು ನೋಡುತ್ತಿದ್ದ. ಸಾಲದ್ದಕ್ಕೆ ಕಿವಿಯಿತ್ತು. ನಿಧಾನಕ್ಕೆ ಹೋಗುವಾಗ ಚಕ್ರ ಸುತ್ತಿದಂತೆ ಬರುವ ಟಕ್ ಟಕ್ ಶಬ್ದವನ್ನು ಬೇರಿಂಗಿನ ಗೊರಗೊರದಿಂದ ಬೇರೆ ಮಾಡಿ ಕೇಳಬಲ್ಲವನಾಗಿದ್ದ. ನಲವತ್ತು ವರ್ಷ ಗಾಡಿಯನ್ನು ಕಾಪಾಡಿದ್ದು ಅವನ ಆ ಬೆಳಗಿನ ಸುತ್ತು. ತುಳಿತಕ್ಕೆ ಸಿಕ್ಕಿರುವ ಕೀರ್ತಿ ಅವನಿಗೆ ಸೇರಬೇಕಾದ್ದು.

ಈಗ ಆ ಡ್ರೈವರ್ ಇಲ್ಲ. ಜೀಪು ಇದೆ. ಪಿಕಿಂಗ್ ಶುರುವಾದರೆ ಅದನ್ನು ಒಂದು ದಿನ ರೈಟರು ಓಡಿಸುತ್ತಾರೆ, ಒಂದು ದಿನ ಮೇಸ್ತ್ರಿಯ ಮಗ, ಮತ್ತೊಂದು ದಿನ ಬಂದ ಯಾರೋ. ಬೆಳಿಗ್ಗೆ ಹಣ್ಣು ಕೊಯ್ಯುವವರನ್ನು ತರಬೇಕು, ಸಂಜೆ ಹಣ್ಣಿನ ಚೀಲ ಕಣಕ್ಕೆ ಸಾಗಿಸಬೇಕು, ಹಿಂದೆಯೇ ಜನರನ್ನು ಲೈನು ಮನೆಗಳಿಗೆ ಬಿಡಬೇಕು. ಯಾರ ಗಾಡಿಯೂ ಅಲ್ಲದ ಗಾಡಿಗೆ ಯಾರೂ ಸುತ್ತು ಬರುವುದಿಲ್ಲ. ಮಾಲೀಕರು ಓಡಾಡುವುದು ಬೇರೆ ಕಾರಿನಲ್ಲಿ. ಅದಕ್ಕೆ ಕಾಲಕಾಲಕ್ಕೆ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಸರ್ವೀಸು. ಹಳೇ ಜೀಪಿನ ಹಿಂದೆ ಕಂಬಿ ಹಿಡಿದು ನಿಂತು ಹೋಗುವವರು ಕೂಲಿಯವರು. ಚಕ್ರ ಕಳಚಿದರೆ ಮೊದಲು ರಸ್ತೆಗೆ ಬೀಳುವವರೂ ಅವರೇ. ನಟ್ಟು ಬಿಗಿಯುವುದು ಮೆಕ್ಯಾನಿಕ್ಕಿನ ಸಣ್ಣ ವಿಷಯ ಎಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ತಮ್ಮ ಮಕ್ಕಳನ್ನು ಕೂರಿಸದ ಗಾಡಿಯಲ್ಲಿ ಬೇರೆಯವರ ಮಕ್ಕಳ ತಾಯಂದಿರನ್ನು ತುಂಬಿ ಕಳಿಸುವಾಗ ಅದರ ಚಕ್ರ ನೋಡಲು ಹತ್ತು ನಿಮಿಷ ಇಲ್ಲ ಎಂದರೆ ಅದು ಉದಾಸೀನಕ್ಕಿಂತ ದೊಡ್ಡ ತಪ್ಪು. ಕಳಚಿಕೊಂಡ ಚಕ್ರ ನಿಲ್ಲುವುದೂ ಇಲ್ಲ. ಟೈರು ಸೇರಿ ಇಪ್ಪತ್ತು, ಇಪ್ಪತ್ತೈದು ಕೆ.ಜಿ. ತೂಗುವ ಅದು ಇಳಿಜಾರಿನಲ್ಲಿ ವೇಗ ಹೆಚ್ಚಿಸಿಕೊಂಡೇ ಉರುಳುತ್ತದೆ, ಎದುರಿಗೆ ಶಾಲೆಯಿಂದ ಬರುವ ಮಕ್ಕಳಿರಲಿ, ಬಸ್ಸಿಗೆ ಕಾಯುವವರಿರಲಿ.

“ಹಾಗಾದರೆ ಹಳೇ ಗಾಡಿಗಳನ್ನೇ ಗುಜರಿಗೆ ಹಾಕಿ” ಎಂದು ಇನ್ನೊಂದು ಕಡೆಯಿಂದ ಕೂಗುವವರಿದ್ದಾರೆ. ಅದೂ ತಪ್ಪಿಸಿಕೊಳ್ಳುವ ಮಾತು. ಚೊಕ್ಕಟ ಸ್ಟಡ್ಡು, ಸರಿಯಾದ ರಿಮ್ಮು, ಅಳತೆಯ ಬಿಗಿ ಇದ್ದರೆ ಮೂವತ್ತು ವರ್ಷದ ಜೀಪಿನ ಚಕ್ರವೂ ನಿಲ್ಲುತ್ತದೆ. ಏರ್ ಗನ್ನಿನಲ್ಲಿ ಅಳತೆಯಿಲ್ಲದೆ ಬಡಿದು ಬಿಗಿದ ಹೊಸ ಕಾರಿನ ಅಲಾಯ್ ಚಕ್ರವೂ ಸಡಿಲವಾಗುತ್ತದೆ. ಎಫ್.ಸಿ., ಅಂದರೆ ಗಾಡಿಯ ಅರ್ಹತಾ ಪತ್ರ, ಇದೆಯಲ್ಲ ಎನ್ನುವವರಿಗೆ: ಖಾಸಗಿ ಗಾಡಿಯ ನೋಂದಣಿಯ ನವೀಕರಣವನ್ನು ಕಾನೂನು ಮೊದಲು ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಕೇಳುತ್ತದೆ. ಬಾಡಿಗೆ ಗಾಡಿಗೂ ಪರೀಕ್ಷೆ ಹೆಚ್ಚೆಂದರೆ ವರ್ಷಕ್ಕೊಂದು. ನಟ್ಟು ಸಡಿಲವಾಗುವುದು ನೂರು ಕಿಲೋಮೀಟರಿನೊಳಗೆ.

ಆ ನೂರು ಕಿಲೋಮೀಟರ್ ಮುಖ್ಯ. ಚಕ್ರ ಬಿಚ್ಚಿ ಹಾಕಿದ ಮೇಲೆ ರಿಮ್ಮು, ನಟ್ಟು, ಡ್ರಮ್ಮು ಒಂದಕ್ಕೊಂದು ಹೊಂದಿಕೊಂಡು ಕೂರುತ್ತವೆ, ಹಾಗೆ ಕೂತಾಗ ಆ ಕೂದಲೆಳೆಯ ಹಿಗ್ಗಿನಲ್ಲಿ ಒಂದು ಪಾಲು ಹೋಗುತ್ತದೆ. ಹಾಗಾಗಿ ಐವತ್ತರಿಂದ ನೂರು ಕಿಲೋಮೀಟರಿನೊಳಗೆ ಮತ್ತೆ ಬಿಗಿ ನೋಡಿ ಎಂದು ತಯಾರಕರೂ ಟೈರಿನವರೂ ಹೇಳುತ್ತಾರೆ. ಮೂಡಿಗೆರೆಯಲ್ಲಿ ಪಂಕ್ಚರ್ ಹಾಕಿಸಿ ಕಳಸಕ್ಕೆ ಹೋಗಿ ಬಂದರೆ ಆ ಲೆಕ್ಕ ತುಂಬುತ್ತದೆ. ಇದನ್ನು ಹೇಳಿದರೆ ನಮ್ಮ ಬೆಳೆಗಾರರು ನಗುತ್ತಾರೆ, ನಟ್ಟಿಗೆಲ್ಲ ಅಷ್ಟು ಲೆಕ್ಕವೇ ಎನ್ನುತ್ತಾರೆ. ಇವರು ಯಾರು? ಮನೆಯಂಗಳದಲ್ಲಿ ಮಳೆಮಾಪಕ ನಿಲ್ಲಿಸಿ, ಬಿದ್ದ ಮಳೆಯನ್ನು ಇಂಚು ಸೆಂಟುಗಳಲ್ಲಿ ಪುಸ್ತಕದಲ್ಲಿ ಬರೆದಿಡುವವರು. ಹೂಮಳೆ ಒಂದೇ ಬಂದರೆ ಸಾಲದು, ಕೆಲವು ವಾರಗಳಲ್ಲಿ ಬ್ಯಾಕಿಂಗ್ ಮಳೆಯೂ ಬರಬೇಕು, ಇಲ್ಲದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ ಎಂದು ಗೊತ್ತಿರುವವರು. ಕಾಫಿಯ ತೇವಾಂಶ ಶೇ. 10–11ರ ಆಸುಪಾಸಿಗೆ ಇಳಿಯಿತೇ ಎಂದು ಮೀಟರು ಹಿಡಿದು ನೋಡುವವರು. ಹದ ಎಂದರೇನೆಂದು ಇವರಿಗೆ ಕಲಿಸಬೇಕಾಗಿಲ್ಲ. ಚಕ್ರದ ಮುಂದೆ ನಿಂತಾಗ ಮಾತ್ರ ಆ ಹದವನ್ನು ಬಿಟ್ಟುಕೊಟ್ಟು ಕಾಲೆತ್ತುತ್ತಾರಲ್ಲ, ಅದನ್ನು ನಾನು ಪ್ರಶ್ನಿಸುತ್ತಿದ್ದೇನೆ.

ಟಾರ್ಕ್ ರೆಂಚು ದುಬಾರಿ ಎಂಬ ನೆಪ ನಿಲ್ಲುವುದಿಲ್ಲ. ಎರಡು ಮೂರು ಸಾವಿರ ರೂಪಾಯಿಗೆ ಸಾಧಾರಣವಾದದ್ದು ಸಿಗುತ್ತದೆ, ಒಂದು ಟೈರಿನ ಬೆಲೆಗಿಂತ ಕಡಿಮೆ. ಹತ್ತು ತೋಟಗಳಿಗೆ ಒಂದು ಇದ್ದರೂ ನಡೆಯುತ್ತದೆ. ಅದೂ ಇಲ್ಲದ ದಿನಕ್ಕೆ ಲೆಕ್ಕವಿದೆ: 30 ಸೆಂಟಿಮೀಟರಿನ ಸ್ಪ್ಯಾನರಿನ ತುದಿಯನ್ನು 27 ಕೆ.ಜಿ. ಬಲದಿಂದ ಎಳೆದರೆ 80 ನ್ಯೂಟನ್ ಮೀಟರ್, 34 ಕೆ.ಜಿ. ಬಲಕ್ಕೆ ನೂರು. ಐವತ್ತು ಕೆ.ಜಿ. ಕಾಫಿ ಚೀಲ ಎತ್ತಿದ ಕೈಗೆ ಅದರ ಅರ್ಧ ಭಾರ ಎಷ್ಟೆಂದು ಗೊತ್ತು. ತೋಳಿನಿಂದ ಎಳೆಯಿರಿ, ಪೈಪು ಬೇಡ, ಕಾಲು ಬೇಡ. ನಿಮ್ಮ ಗಾಡಿಯ ಅಂಕಿ ಎಷ್ಟೆಂದು ಅದರ ಕೈಪಿಡಿ ನೋಡಿ, ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿ. ಚಕ್ರ ಮೇಲಿರುವಾಗ ನಟ್ಟುಗಳನ್ನು ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಎದುರುಬದುರಿನ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ, ಕೊನೆಯ ಬಿಗಿ ಟೈರು ನೆಲ ಮುಟ್ಟಿದ ಮೇಲೆ. ಪಂಕ್ಚರ್ ಅಂಗಡಿಯಲ್ಲಿ “ಬೇಗ ಬೇಗ” ಎಂದು ಹಾರ್ನ್ ಹೊಡೆಯುವುದನ್ನು ಬಿಟ್ಟರೆ ಅಲ್ಲಿನ ಹುಡುಗರೂ ಹೀಗೆಯೇ ಮಾಡಿಕೊಡುತ್ತಾರೆ. ಅವರನ್ನು ಕಾಲೆತ್ತುವಂತೆ ಮಾಡಿರುವುದು ನಮ್ಮ ಅವಸರ.

ಮಾರನೆಯ ಬೆಳಿಗ್ಗೆ ಸ್ಪ್ಯಾನರು ಹಿಡಿದು ಸುತ್ತು ಬಂದಾಗ ನಟ್ಟು ತುಸು ತಿರುಗಿದರೆ ಗಾಬರಿ ಬೇಡ, ಅದು ಕೂತುಕೊಂಡ ಲಕ್ಷಣ. ವಾರದ ಮೇಲೆ ಅದೇ ನಟ್ಟು ಮತ್ತೆ ಸಡಿಲ ಸಿಕ್ಕರೆ ಮಾತ್ರ ಬಿಗಿದು ಓಡಿಸಬೇಡಿ. ಚಕ್ರ ಬಿಚ್ಚಿ. ತೂತಿನ ಸುತ್ತ ಲೋಹ ಉಜ್ಜಿ ಹೊಳೆಯುತ್ತಿದೆಯೇ, ನಟ್ಟಿನಿಂದ ಹೊರಕ್ಕೆ ತುಕ್ಕಿನ ಗೆರೆ ಹರಿದಿದೆಯೇ, ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯೇ, ಸ್ಟಡ್ಡಿನ ಥ್ರೆಡ್ಡು ಒಂದು ಕಡೆ ಸಣ್ಣಗಾಗಿದೆಯೇ ಎಂದು ನೋಡಿ. ಇವುಗಳಲ್ಲಿ ಒಂದು ಕಂಡರೂ ರಿಮ್ಮು, ಸ್ಟಡ್ಡು ಬದಲಾಗುವ ತನಕ ಜೀಪು ಶೆಡ್ಡಿನಲ್ಲೇ ಇರಲಿ. ಅವತ್ತು ಹಣ್ಣು ಗಿಡದಲ್ಲೇ ಉಳಿಯಲಿ, ಇಲ್ಲವೇ ಜನರನ್ನು ಕರೆತರಲು ನಿಮ್ಮ ಹೊಸ ಕಾರನ್ನು ಕಳಿಸಿ.